ನಬೀಸಾಬ ಕಾಕಾನ ಕಡ್ಲಿ ನೋಡುವ ಹಲ್ಲು

ಆ ವರ್ಷ ನಮ್ಮ ಯಮನೂರಿನಲ್ಲಿ ಕಡಲೆ ಒಣಗಲೇ ಇಲ್ಲ. ಮಳೆಯಿಲ್ಲ, ಮೋಡವಿಲ್ಲ, ಬಿಸಿಲಂತೂ ನೆತ್ತಿ ಸುಡುತ್ತಿತ್ತು. ಆದರೂ ರಸ್ತೆಯ ಮೇಲೆ, ಗುಡಿಯ ಕಟ್ಟೆಯ ಮೇಲೆ, ಮನೆಗಳ ಮಾಳಿಗೆಯ ಮೇಲೆ, ಎಲ್ಲಿ ನೋಡಿದರೂ ಕಡಲೆ ಹರಡಿತ್ತು. ಬಸ್ಸಿನ ಡ್ರೈವರ್ ದಿನಾ ಕೆಳಗಿಳಿದು ನಮಗೆಲ್ಲ ಬೈದು ಹೋಗುತ್ತಿದ್ದ. ಯಾಕೆ ಅಂತೀರಾ? ನಬೀಸಾಬ ಕಾಕಾ "ಇನ್ನೂ ಹಸಿ ಐತಿ" ಎಂದಿದ್ದರು. ಅವರು ಹಸಿ ಎಂದರೆ ಊರಿಗೆಲ್ಲ ಹಸಿ.

ನಾನು ಮಲ್ಲಮ್ಮ. ಕಾಕಾನ ಬಾಜು ಮನೆಯವಳು. ನನ್ನ ಬಾಯಿ ದೊಡ್ಡದು ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಈ ಬಾಯಿ ಇದ್ದದ್ದಕ್ಕೇ ಕಾಕಾನ ಹಲ್ಲು ಉಳಿಯಿತು.

ಹಸಿ ಕಡಲೆಯನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ, ವ್ಯಾಪಾರಿ ಮುಟ್ಟುವುದಿಲ್ಲ. ಅದಕ್ಕೆ ಮಾರುವ ಮೊದಲು ಎಲ್ಲರೂ ಒಂದು ಹಿಡಿ ಕಡಲೆ ತಂದು ಕಾಕಾನ ಮುಂದೆ ಹಿಡಿಯುತ್ತಾರೆ. ಕಾಕಾ ಒಂದು ಕಾಳು ಆರಿಸಿ, ಬಲಗಡೆಯ ದವಡೆಹಲ್ಲಿನ ಕೆಳಗಿಟ್ಟು ಕಣ್ಣು ಮುಚ್ಚಿ ಕಡಿಯುತ್ತಾರೆ. ಕಟಕ್ ಎಂದರೆ ಒಣಗಿದೆ. ಮೆತ್ತಗೆ ಕುಸಿದರೆ ಹಸಿ. ಎಷ್ಟೋ ವರ್ಷದಿಂದ ಆ ಹಲ್ಲು ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ನಮ್ಮೂರ ರೈತ ಹನಮಪ್ಪನ ತಾಳ್ಮೆ ಮೊದಲು ಕೆಟ್ಟಿತು. ಕಡಲೆಯ ಬುಟ್ಟಿಯನ್ನು ಕಾಕಾನ ಕಟ್ಟೆಯ ಮೇಲೆ ಕುಕ್ಕಿದ.

"ಇನ್ನೂ ಎಷ್ಟ್ ಒಣಗಸ್ಲಿ ಕಾಕಾ? ಇನ್ನೊಂದಿನ ಬಿಸಲಿಗೆ ಹಾಕಿದರ ಇವು ತಾವ ಹುರಿಗಡ್ಲಿ ಆಗ್ತಾವ!"

ಕಾಕಾ ಒಂದು ಕಾಳು ಬಾಯಿಗೆ ಹಾಕಿದರು. ನಾನು ಪಕ್ಕದಲ್ಲೇ ಅಕ್ಕಿ ಆರಿಸುತ್ತಾ ಕುಳಿತಿದ್ದೆ. ಅವರು ಕಡಿಯಲೇ ಇಲ್ಲ. ಕಾಳನ್ನು ನಾಲಿಗೆಯಲ್ಲಿ ಅತ್ತಿತ್ತ ಹೊರಳಿಸಿ, ಮೆಲ್ಲಗೆ ಕೈಗೆ ಉಗುಳಿ, "ಇನ್ನೊಂದ್ ಬಿಸಲು ಕೊಡಪಾ" ಎಂದರು. ಅಯ್ಯ ಶಿವನೇ, ಇದೇನು ಆಟ!

ಹನಮಪ್ಪ ಗೊಣಗುತ್ತಾ ಹೋದ ಮೇಲೆ ನಾನು ನೆಟ್ಟಗೆ ಅವರ ಅಡುಗೆಮನೆಗೆ ಹೋದೆ. ಕಾಕಾನ ಹೆಂಡತಿ ಶಮೀಮಾಬಿ ಚಾಚಿ ಒಲೆಯ ಮುಂದಿದ್ದರು.

"ಚಾಚಿ, ಕಾಕಾ ಏನ್ ಉಣ್ಣಾಕತ್ತಾರ ಈಗ?"

"ಏನ್ ಹೇಳ್ಲಿ ತಂಗಿ! ಕಡಕ್ ರೊಟ್ಟಿ ಚಹಾದಾಗ ಅದ್ದಿ ನುಂಗ್ತಾರ. ಮಟನ್ ಮಾಡಿದರ ಬರೇ ರಸಾ ಕುಡದು ಏಳ್ತಾರ. ಕೇಳಿದರ ನನ್ನ ಕೈಗುಣ ಕೆಟ್ಟೈತಿ ಅಂತಾರ!"

ನಾನು ಒಂದು ಕಡಕ್ ರೊಟ್ಟಿ ಮುರಿದು ಹೊರಗೆ ತಂದೆ. "ಕಾಕಾ, ನನ್ನ ಮ್ಯಾಲೆ ಪ್ರೀತಿ ಇದ್ದರ ಇದನ್ನ ಬಲಗಡಿ ಹಲ್ಲಿಲೆ ತಿಂದ ತೋರಸ್ರಿ."

ಕಾಕಾ ರೊಟ್ಟಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕೆನ್ನೆಗೆ ಕೈ ಹಚ್ಚಿ ಕುಸಿದು ಕುಳಿತರು.

"ಸಾಯ್ತೇನಿ ಮಲ್ಲಮ್ಮಾ. ತಣ್ಣೀರ್ ತಾಗಿದರ ಜುಂ ಅಂತೈತಿ, ಬಿಸಿ ಚಹಾ ಕುಡದರ ತಲಿತನಕ ಏರತೈತಿ. ತಂಬಾಕ ಇಟ್ಟೆ, ಲವಂಗ ಇಟ್ಟೆ, ಅಂಗಡ್ಯಾಗಿನ ಗುಳಿಗಿ ನುಂಗಿದೆ. ಒಂದೀಟ ಕಡಿಮಿ ಆಗಿ ಮತ್ತ ಬರತೈತಿ."

"ಅದಕ್ಕ ಊರ ಕಡ್ಲಿನೆಲ್ಲಾ ಹಸಿ ಅಂದ್ರೇನು?"

"ಒಣಗೇತಿ ಅಂದು ತಪ್ಪಾದರ ಅವರ ಮಾಲು ಹಾಳು. ಹಸಿ ಅಂದರ ಬರೇ ಬಿಸಲು ಖರ್ಚು."

"ಮತ್ತ ದವಾಖಾನಿಗಿ ಯಾಕ ಹೋಗಲಿಲ್ಲ?"

ಕಾಕಾನ ದನಿ ಸಣ್ಣದಾಯಿತು. "ಕಿತ್ತ್ ಹಾಕ್ತಾರವ್ವಾ. ಆ ಹಲ್ಲು ಹೋದರ ನಬೀಸಾಬನ ಕಟ್ಟಿಗೆ ಯಾರ್ ಬರ್ತಾರ? ನನ್ನ ಮಾತಿಗೆ ಏನ್ ಕಿಮ್ಮತ್ತು ಉಳೀತೈತಿ?"

ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ನಾನು ಅವರ ಮುಂದೆ ಕುಳಿತು ಬಾಯಿ ಆ ಎಂದು ತೆರೆದೆ. ಹಿಂದೆ ನನಗೂ ಹೀಗೇ ಆಗಿತ್ತು. ಅಂದಿನಿಂದ ನನ್ನ ಬಾಯೊಳಗಿನ ಕ್ಯಾಪ್ ಹಾಕಿದ ಹಲ್ಲನ್ನು ಊರಲ್ಲಿ ನೋಡದವರೇ ಇಲ್ಲ. ಬೀಗರು ಬಂದರೂ ತೋರಿಸುತ್ತೇನೆ.

"ನೋಡ್ರಿ ಇಲ್ಲೆ! ಕಿತ್ತಿಲ್ಲ. ಒಳಗ ಸ್ವಚ್ಛ ಮಾಡಿ ತುಂಬ್ಯಾರ. ರೂಟ್ ಕೆನಾಲ್ ಅಂತಾರ ಅದಕ್ಕ."

"ಕೆನಾಲ್?" ಕಾಕಾ ನಕ್ಕರು, ನಕ್ಕದ್ದಕ್ಕೇ ನೋವಾಗಿ ಮುಖ ಕಿವುಚಿದರು. "ನನ್ನ ಹೊಲಕ್ಕ ಬರದ ಕೆನಾಲ್ ನನ್ನ ಬಾಯಾಗ ಬರತೈತೇನು?"

ಮರುದಿನ ಕಾಕಾ, ಚಾಚಿ, ನಾನು ಮೂವರೂ ನವಲಗುಂದದ ಬಸ್ಸು ಹತ್ತಿದೆವು. ಹಲ್ಲಿನ ಡಾಕ್ಟರ್ ಹೆಸರು ಶಾಂಭವಿ. ವಯಸ್ಸು ಚಿಕ್ಕದು, ಕೈ ಮೆತ್ತಗೆ. ಮೊದಲು ಎಕ್ಸ್‌ರೇ ತೆಗೆದರು. ಆಮೇಲೆ ಕೇಳಿದರು, "ಕಾಕಾ, ಸಕ್ಕರಿ ಕಾಯಿಲಿ ಅದನ್ರಿ? ಬಿಪಿ? ರಕ್ತ ತೆಳ್ಳಗ ಮಾಡೋ ಗುಳಿಗಿ ಏನರ ತಗೋತೀರೇನು?"

"ಏನೂ ಇಲ್ರಿ" ಎಂದರು ಕಾಕಾ.

"ಸಕ್ಕರಿ ಐತ್ರಿ!" ಚಾಚಿ ಎದ್ದೇ ನಿಂತರು. "ಜಿಲೇಬಿ ಸಿಗೂದಿಲ್ಲಂತ ಎಲ್ಲಾರ ಮುಂದ ಮುಚ್ಚಿಡತಾರ್ರಿ."

"ಇಲ್ಲೆ ಮುಚ್ಚಿಡಬ್ಯಾಡ್ರಿ ಕಾಕಾ. ನಾವು ಔಷಧ ಅದನ್ನ ನೋಡಿನ ಕೊಡೋದು" ಎಂದು ಡಾಕ್ಟರ್ ನಗುತ್ತಲೇ ಗದರಿದರು. ಕಾಕಾ ಚಾಚಿಯ ಕಡೆ ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು.

"ಹಲ್ಲಿಗೆ ಕೈ ಹಚ್ಚಿದರ ಕಣ್ಣಿಗೆ ಏನರ ಆಗತೈತೇನ್ರಿ?" ಕಾಕಾ ಮೆಲ್ಲಗೆ ಕೇಳಿದರು.

"ಹಲ್ಲಿನ ಕೆಲಸದಿಂದ ಕಣ್ಣು ಹೋಗೂದಿಲ್ರಿ. ಹಲ್ಲಂದ್ರ ಬರೇ ಕಲ್ಲಲ್ಲ. ಅದರೊಳಗ ಮೆತ್ತನ್ನ ಭಾಗ ಇರ್ತದ, ನರ ಇರ್ತಾವ. ಹುಳುಕು ಅಲ್ಲಿತನಕ ಇಳದು ಒಳಗ ಕೀವಾಗೇದ. ಆ ಕೆಟ್ಟ ಭಾಗ ತಗದು, ಬೇರಿನ ತುದಿತನಕ ತೊಳದು, ತುಂಬಿ ಬಂದ್ ಮಾಡ್ತೀನಿ. ನಿಮ್ಮ ಹಲ್ಲು ನಿಮ್ಮ ಬಾಯಾಗ ಇರ್ತದ."

"ಗುಳಿಗಿ ಕೊಟ್ಟಬಿಡ್ರಲ್ಲಾ?"

"ಗುಳಿಗಿಯಿಂದ ನೋವು ಕಡಿಮಿ ಆದೀತು. ಒಳಗಿನ ಹೊಲಸು ಎಲ್ಲಿಗೆ ಹೋಗ್ತದ?"

ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟರು. ಕಾಕಾ ನನ್ನ ಕೈಯನ್ನು ಹಿಂಡಿದ್ದು ನೋಡಿದರೆ ಹಲ್ಲು ನನ್ನದೇನೋ ಎನ್ನಬೇಕು. ಸ್ವಲ್ಪ ಹೊತ್ತಿನ ಮೇಲೆ ಮಷಿನ್ ಗುರ್ ಎನ್ನುತ್ತಿದ್ದರೂ ಕೈ ಸಡಿಲಾಯಿತು. ನೋಡಿದರೆ ಕಾಕಾ ಗೊರಕೆ ಹೊಡೆಯುತ್ತಿದ್ದಾರೆ! ಎಷ್ಟು ರಾತ್ರಿಯ ನಿದ್ದೆ ಬಾಕಿ ಇತ್ತೋ ಪಾಪ.

ಹೊರಡುವಾಗ ಡಾಕ್ಟರ್ ಒತ್ತಿ ಹೇಳಿದರು. "ಇನ್ನೂ ಕೆಲಸ ಮುಗದಿಲ್ಲ. ಸದ್ಯಕ್ಕ ಮ್ಯಾಲೆ ಮುಚ್ಚೇನಿ ಅಷ್ಟ. ಮುಂದಿನ ವಾರ ಬರ್ರಿ, ಒಳಗ ಪೂರ್ತಿ ತುಂಬಿ ಆಮ್ಯಾಲೆ ಕ್ಯಾಪ್ ಹಾಕೋಣು. ಅಲ್ಲಿತನಕ ಆ ಕಡಿ ಗಟ್ಟಿ ಪದಾರ್ಥ ಕಡೀಬ್ಯಾಡ್ರಿ. ಒಂದೆರಡು ದಿನ ಸಣ್ಣ ನೋವು ಇದ್ದರ ಹೆದರಬ್ಯಾಡ್ರಿ. ಬಾವು ಬಂದರ, ಜ್ವರ ಬಂದರ ತಡಾ ಮಾಡದ ಬರ್ರಿ."

ವಾರ ಬಂತು, ಕಾಕಾ ಹೋಗಲಿಲ್ಲ.

"ನೋವ ಇಲ್ಲಲ್ಲವಾ, ಮತ್ತ್ಯಾಕ ಹೋಗ್ಲಿ?" ಎಂದು ನನಗೇ ಬುದ್ಧಿ ಹೇಳಿದರು. ನಾನು ಬೈದೆ, ಚಾಚಿ ಬೈದರು. ನಾವಿಬ್ಬರೂ ಬೈದು ಸುಸ್ತಾದೆವು. ಅಷ್ಟರಲ್ಲಿ ವ್ಯಾಪಾರಿಯ ಲಾರಿ ಊರಿಗೆ ಬಂತು. ಹನಮಪ್ಪ ಕಡಲೆಯ ಬುಟ್ಟಿ ಹೊತ್ತು ಓಡಿ ಬಂದ. ಅವನ ಹಿಂದೆ ಅರ್ಧ ಊರು ಬಂದು ಕಟ್ಟೆಯ ಮುಂದೆ ನಿಂತಿತು.

"ಕಾಕಾ, ಇವತ್ತ ಹೌದು ಅನ್ರಿ, ಇಲ್ಲಾ ಇಲ್ಲ ಅನ್ರಿ!"

ಅಷ್ಟು ಜನರನ್ನು ನೋಡಿ ಕಾಕಾನಿಗೆ ಹುರುಪು ಬಂತು. ಒಂದು ಕಾಳು ಎತ್ತಿದರು.

"ಬ್ಯಾಡ್ರಿ ಕಾಕಾ! ಡಾಕ್ಟರ್ ಏನ್ ಹೇಳ್ಯಾರ?" ನಾನು ಕೂಗಿದೆ.

"ಸುಮ್ನಿರ್ ಬೇ, ಅಗದಿ ಆರಾಮ ಐತಿ" ಎಂದವರೇ ಬಲಗಡೆ ಇಟ್ಟು, ಕಣ್ಣು ಮುಚ್ಚಿ ಕಡಿದರು.

ಕಟಕ್!

"ಒಣಗೇತಿ! ಒಣಗೇತಿ!" ಜನ ಹೋ ಎಂದರು. ಹನಮಪ್ಪ ಟವೆಲ್ ಮೇಲಕ್ಕೆ ಹಾರಿಸಿದ. ಕಾಕಾ ಮಾತ್ರ ಬಾಯಿ ತೆರೆಯಲಿಲ್ಲ. ಮೆಲ್ಲಗೆ ಅಂಗೈಗೆ ಉಗುಳಿದರು. ಹನಮಪ್ಪ ಬಗ್ಗಿ ನೋಡಿದ.

"ಕಾಕಾ... ಕಡ್ಲಿ ಹಂಗ ಐತಲ್ರಿ! ಬಾಜೂಕ ಬಿದ್ದಿದ್ದೇನದು, ಬೆಳ್ಳಗ?"

ಹಲ್ಲಿನ ಚೂರು. ಅಷ್ಟು ಬಿಸಿಲು ತಿಂದ ಕಡಲೆ ಕಲ್ಲಾಗಿತ್ತು, ಅದಕ್ಕೇನೂ ಆಗಿರಲಿಲ್ಲ. ಜನಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹನಮಪ್ಪ ಮಾತ್ರ ನಕ್ಕೇಬಿಟ್ಟ. ಕಾಕಾನ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ನೋಡಿ ನಾನು ಬೈಯುವುದು ಬಿಟ್ಟು ನವಲಗುಂದದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದೆ.

ಅದೇ ಬಸ್ಸು, ಅದೇ ಕುರ್ಚಿ. ಡಾಕ್ಟರ್ ಬಹಳ ಹೊತ್ತು ನೋಡಿದರು. ಚಾಚಿ ದುವಾ ಮಾಡುತ್ತಿದ್ದರು.

"ಹಲ್ಲಿನ ಗೋಡಿ ಒಂದು ಕಡಿ ಬಿದ್ದದ, ಬುನಾದಿ ಉಳದದ" ಎಂದರು ಕೊನೆಗೆ. "ಬೇರಿನತನಕ ಸೀಳಿದ್ದರ ಕೀಳೂದ ಆಗ್ತಿತ್ತು. ನರ ತಗದ ಹಲ್ಲಿಗೆ ನೋವು ತಿಳಿಯೂದಿಲ್ಲ ಕಾಕಾ, ಅದಕ್ಕ ನೀವ ಕಾಳಜಿ ಮಾಡಬೇಕು."

ಈ ಸಲ ಕಾಕಾ ಕರೆದ ದಿನಕ್ಕೆಲ್ಲ ಹೋದರು. ಒಳಗೆ ತುಂಬಿದ್ದಾಯಿತು, ಕ್ಯಾಪೂ ಬಂತು. ಆವತ್ತು ರಾತ್ರಿ ಊಟಕ್ಕೆ ಚಾಚಿ ಮಟನ್ ಮಾಡಿದರು. ಕಾಕಾ ಅಗಿದು ಅಗಿದು ತಿಂದರು. "ನಿನ್ನ ಕೈಗುಣ ಮತ್ತ ಬಂತು ನೋಡು" ಎಂದರಂತೆ. ಅದಕ್ಕೆ ಚಾಚಿ ಸೌಟು ಎತ್ತಿದರಂತೆ.

ಈಗ ಕಾಕಾ ಕಾಳನ್ನು ಬಾಯಿಗೆ ಹಾಕುವುದಿಲ್ಲ. ಚಾಚಿಯ ಅಡಕತ್ತರಿಯಲ್ಲಿಟ್ಟು ಕತ್ತರಿಸಿ, ಕಿವಿಗೊಟ್ಟು ಕೇಳುತ್ತಾರೆ. ಕಟಕ್ ಎಂದರೆ ಒಣಗಿದೆ. ಊರು ಮೊದಲಿನಂತೆಯೇ ಅವರ ಕಟ್ಟೆಗೆ ಬರುತ್ತದೆ. ಹಲ್ಲು ಇರಲಿ ಇಲ್ಲದಿರಲಿ, ಜನ ನಂಬಿದ್ದು ಕಾಕಾನನ್ನು ಎಂದು ಅವರಿಗೂ ಈಗ ತಿಳಿದಿದೆ.

ಮೊನ್ನೆ ಅದೇ ಕಟ್ಟೆಯ ಮೇಲೆ ಹನಮಪ್ಪ ಚಹಾ ಕುಡಿಯುತ್ತಿದ್ದ. ಒಂದು ಗುಟುಕು ಕುಡಿದವನೇ ಹಾ ಎಂದು ಕೆನ್ನೆ ಹಿಡಿದುಕೊಂಡ. ನಾವಿಬ್ಬರೂ ನೋಡಿದೆವು.

"ಏನಿಲ್ರಿ, ಸುಗ್ಗಿ ಮುಗೀಲಿ, ಆಮ್ಯಾಲೆ ನೋಡೂಣು" ಎಂದ.

ಕಾಕಾ ಅಡಕತ್ತರಿ ಕೆಳಗಿಟ್ಟು ಅವನ ತೋಳು ಹಿಡಿದರು. "ಲೇ ಹನಮ್ಯಾ, ಇನ್ನೊಂದ್ ಬಿಸಲು ಕಾಯೂದು ಕಡ್ಲಿ. ಹಲ್ಲು ಕಾಯೂದಿಲ್ಲ. ಏಳು, ಬಸ್ಸು ಬರೂ ಹೊತ್ತಾತು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಅದೇ ಮಾತು. ಬಿಸಿಗೆ, ತಂಪಿಗೆ, ಕಡಿಯುವಾಗ ಹಲ್ಲು ನೋಯುತ್ತಿದ್ದರೆ ತಂಬಾಕು ತುಂಬಬೇಡಿ, ಅಂಗಡಿಯ ಗುಳಿಗೆ ನುಂಗಿ ದಿನ ದೂಡಬೇಡಿ. ಎಲ್ಲ ಹಲ್ಲೂ ಉಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಬೇಗ ಹೋದರೆ ಉಳಿಯುವ ಹಲ್ಲು ಬಹಳ. ನಿಮ್ಮ ಕಾಯಿಲೆ, ನೀವು ನುಂಗುವ ಗುಳಿಗೆ ಯಾವುದನ್ನೂ ಡಾಕ್ಟರಿಂದ ಮುಚ್ಚಿಡಬೇಡಿ. ಎಷ್ಟು ಸಲ ಬರಬೇಕು, ಎಷ್ಟು ಖರ್ಚು, ಕ್ಯಾಪ್ ಬೇಕೋ ಬೇಡವೋ, ಎಲ್ಲವನ್ನೂ ನಾಚದೆ ಮೊದಲೇ ಕೇಳಿ. ನೋವು ಹೋಯಿತೆಂದು ಅರ್ಧಕ್ಕೆ ಬಿಡಬೇಡಿ. ಬಾವು ಗಂಟಲಿಗೆ ಇಳಿದು ನುಂಗಲು, ಉಸಿರಾಡಲು ಕಷ್ಟವಾದರೆ ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಓಡಿ. ಕ್ಯಾಪ್ ಹಾಕಿಸಿದ ಮೇಲೂ ಬೆಳಿಗ್ಗೆ, ರಾತ್ರಿ ಬ್ರಷ್ ಮಾಡುವುದನ್ನು ಬಿಡಬೇಡಿ.

ಇಷ್ಟಾದರೂ ನಂಬಿಕೆ ಬರದಿದ್ದರೆ ಯಮನೂರಿಗೆ ಬನ್ನಿ. ನಬೀಸಾಬ ಕಾಕಾನ ಮನೆ ಯಾವುದು ಎಂದು ಕೇಳಿ. ನಾನು ಬಾಯಿ ತೆರೆದು ತೋರಿಸುತ್ತೇನೆ, ಕಾಕಾ ನನಗಿಂತ ದೊಡ್ಡದಾಗಿ ತೆರೆಯುತ್ತಾರೆ.