ತಗ್ಗಿನ ಗಾಳಿ

ಗಂಡ ಸತ್ತು ತಿಂಗಳು ತುಂಬುವ ಮೊದಲೇ ನಬಿಂತುವಿನ ಪಾತ್ರೆ ಪಡಗಗಳು ಅಂಗಳಕ್ಕೆ ಬಿದ್ದವು. ಎಸೆದವನು ಗಂಡನ ಅಣ್ಣ ಬಗಾಲ್ವಾ. ಗಂಡ ಚಿರಿಮ್ವಾಮಿ ಚುಕುಡು ಮಾಡುವ ಬಡಗಿ. ತಾನೇ ಕೆತ್ತಿದ ಆ ಎರಡು ಗಾಲಿಯ ಮರದ ಗಾಡಿಯ ಮೇಲೆ ಆಲೂಗಡ್ಡೆ ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಲಾರಿಗೆ ಸಿಕ್ಕಿ ಸತ್ತಿದ್ದ. ಬೆಂಕಿಪರ್ವತದ ಬುಡದ ಗೋಮಾ ಪೇಟೆಯ ಎತ್ತರದ ಬೀದಿಯಲ್ಲಿ ಅವನು ಹಲಗೆ ಹಲಗೆ ಸೇರಿಸಿ ಕಟ್ಟಿದ ಮನೆ ಈಗ ಅಣ್ಣನದಾಯಿತು.

"ಬೀದಿಗೆ ತಳ್ತಿಲ್ಲ ನಿನ್ನ," ಅಂದ ಬಗಾಲ್ವಾ. "ಸಾಕೆಗೆ ಹೋಗೋ ರಸ್ತೆ ಕೆಳಗೆ ನನ್ನದೊಂದು ಜಾಗ ಇದೆ. ಬಾಳೆ ಇದೆ, ಕೆರೆ ಹತ್ತಿರ. ಮೀನು ಮಾರೋಳಿಗೆ ಇನ್ನೇನು ಬೇಕು?"

ಅತ್ತೆ ನಮ್ವೆಜಿ ಬಾಗಿಲಲ್ಲಿ ಕೂತು ಅವರೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಗಂಡನ್ನ ತಿಂದೋಳಿಗೆ ಅದೇ ಹೆಚ್ಚು," ಅಂದಳು.

ನಾಲ್ಕು ವರ್ಷದ ಮಗಳು ನ್ಸಿಮಿರೆಯನ್ನು ಬೆನ್ನಿಗೆ ಕಟ್ಟಿಕೊಂಡು ನಬಿಂತು ಹೊರಟಳು. ಜಾಗ ನೋಡಿದಾಗ ಅವಳಿಗೆ ಸಮಾಧಾನವೇ ಆಯಿತು. ಸುತ್ತ ಹಳೆಯ ಲಾವಾ ಬಂಡೆಗಳ ದಿಬ್ಬ, ನಡುವೆ ಬಟ್ಟಲಿನಂಥ ತಗ್ಗು. ಊರಲ್ಲೆಲ್ಲ ಚೂರಿಯಂತೆ ಕಾಲು ಕೊಯ್ಯುವ ಕಪ್ಪು ಕಲ್ಲು, ಇಲ್ಲಿ ಮಾತ್ರ ಮೆತ್ತನೆ ಮಣ್ಣು, ಹುಲ್ಲು. ಅವಳು ವಲುಂಗು ಕಡೆಯ ಹಳ್ಳಿಯವಳು. ಅಲ್ಲಿ ಇಂಥ ತಗ್ಗು ಸಿಕ್ಕರೆ ಬೀನ್ಸ್ ಹಾಕುತ್ತಾರೆ. ನಾಲ್ಕು ಬಾಳೆ ಬಿಟ್ಟರೆ ಇಲ್ಲಿ ಯಾರೂ ಏಕೆ ಏನೂ ಹಾಕಿಲ್ಲ ಎಂದು ಅವಳು ಯೋಚಿಸಲಿಲ್ಲ. ಬಾಳೆಬುಡದಲ್ಲಿ ನಾಲ್ಕೈದು ಸತ್ತ ಹಕ್ಕಿಗಳಿದ್ದವು. ಬೆಕ್ಕಿನ ಕೆಲಸ ಅಂದುಕೊಂಡಳು. ಇಳಿಜಾರಿನ ಅರ್ಧದಲ್ಲಿ ಗುಡಿಸಲು ಹಾಕಿಕೊಂಡಳು.

ಒಂದು ವಿಷಯ ಮಾತ್ರ ಅವಳಿಗೆ ಬೇಸರ ತಂದಿತ್ತು. ಬೆಳಿಗ್ಗೆ ಇದ್ದಿಲ ಒಲೆಯನ್ನು ಗುಡಿಸಲಿನ ಕೆಳಗಡೆ ನೆಲದ ಮೇಲಿಟ್ಟರೆ ಹೊತ್ತುತ್ತಿರಲಿಲ್ಲ. ಗೀರಿದ ಕಡ್ಡಿ ಒಲೆಯತ್ತ ಬಗ್ಗಿಸಿದ ಕೂಡಲೇ ಆರಿಹೋಗುತ್ತಿತ್ತು. ಒದ್ದೆ ಇದ್ದಿಲು ಕೊಟ್ಟನೆಂದು ಅಂಗಡಿಯವನನ್ನು ಬೈದು, ಒಲೆಯನ್ನು ಎತ್ತರದ ಕಲ್ಲಿನ ಮೇಲಿಟ್ಟಳು. ಅಲ್ಲಿ ಚೆನ್ನಾಗಿ ಉರಿಯಿತು.

ಹನ್ನೊಂದನೇ ದಿನ. ರಾತ್ರಿಯಿಡೀ ಎಲೆ ಅಲುಗದ ಹಾಗೆ ಗಾಳಿ ಸತ್ತಿತ್ತು. ಬೆಳಿಗ್ಗೆ ಬುಟ್ಟಿ ತಲೆಗೇರಿಸುವ ಮೊದಲು ನಬಿಂತು ಮಗಳಿಗೆ, "ಹೋಗಿ ಎರಡು ಬಾಳೆಎಲೆ ಕಿತ್ಕೊಂಡು ಬಾ ಪುಟ್ಟಿ, ಮೀನಿನ ಮೇಲೆ ಮುಚ್ಚೋಕೆ," ಅಂದಳು. ಹುಡುಗಿ ಕುಣಿಯುತ್ತ ತಗ್ಗಿನ ನಡುವಿಗೆ ಇಳಿದಳು. ಬಾಗಿದಳು. ಮತ್ತೆ ಏಳಲಿಲ್ಲ.

ಎಡವಿ ಬಿದ್ದಳೆಂದು ನಬಿಂತು ನಕ್ಕಳು. "ಏಳೇ ಕಳ್ಳಿ, ನಾಟಕ ಸಾಕು." ಕೆಳಗಿಳಿದು ಹೋದಳು. ನಿಂತಾಗ ಅವಳಿಗೆ ಏನೂ ಆಗಲಿಲ್ಲ. ಮಗಳನ್ನು ಎತ್ತಲು ಬಗ್ಗಿದಾಗ ಮೂಗಿಗೆ ಸೂಜಿ ಚುಚ್ಚಿದಂತಾಯಿತು, ಕಣ್ಣು ಕತ್ತಲಿಟ್ಟಿತು. ಹೇಗೋ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ದಿಬ್ಬ ಹತ್ತಿದಳು. ಕೈಗೆ ಸಿಕ್ಕಿದ್ದು ಮಗಳ ತೋಳು. ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಮುಷ್ಟಿಯಲ್ಲಿ ಬಾಳೆಎಲೆಯ ತುಂಡಿತ್ತು.

ಮಣ್ಣು ಮಾಡುವ ದಿನ ನಮ್ವೆಜಿ ಎಲ್ಲರ ಎದುರು ಬೆರಳು ತೋರಿಸಿದಳು. "ಮೊದಲು ನನ್ನ ಮಗ, ಈಗ ನನ್ನ ಮೊಮ್ಮಗಳು. ಇವಳು ಮಾಟಗಾತಿ ಅನ್ನೋಕೆ ಇನ್ನೇನು ಸಾಕ್ಷಿ ಬೇಕು?" ನೆರೆದವರು ಒಬ್ಬೊಬ್ಬರೇ ದೂರ ಸರಿದರು. ಬಗಾಲ್ವಾ ಟೋಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ದುಃಖ ಅಂದುಕೊಂಡಳು ನಬಿಂತು.

ಆ ವಾರವೇ ಸುದ್ದಿ ಕೇಳಿ ಕಾಕುಲೆ ಬಂದ. ಪರ್ವತ ಕಾಯುವ ಕಚೇರಿಯ ನೌಕರ, ನರೆತ ತಲೆಯ ಸಣ್ಣ ಆಳು. ಇಪ್ಪತ್ತು ವರ್ಷದಿಂದ ನ್ಯೀರಾಗೊಂಗೊ ಬೆಂಕಿಪರ್ವತ ಹತ್ತಿ ಇಳಿದು ಅವನ ಮಂಡಿ ಸವೆದಿತ್ತು. ಅವನು ಹಗ್ಗದ ತುದಿಗೆ ಲಾಟೀನು ಕಟ್ಟಿ ದಿಬ್ಬದಿಂದ ತಗ್ಗಿಗೆ ಇಳಿಬಿಟ್ಟ. ಸೊಂಟದ ಮಟ್ಟಕ್ಕೆ ಬಂದ ಕೂಡಲೇ ಯಾರೋ ಊದಿದ ಹಾಗೆ ದೀಪ ಆರಿತು.

"ಮಜುಕು," ಅಂದ. "ಕೆಟ್ಟ ಗಾಳಿ. ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ. ನೀರಿಗಿಂತ ಕಳ್ಳ. ತಗ್ಗು ಸಿಕ್ಕಿದ ಕಡೆ ತುಂಬಿಕೊಂಡು ಕೂರುತ್ತೆ."

"ಎಲ್ಲಿಂದ ಬರುತ್ತೆ?"

ಕಾಕುಲೆ ಅವಳ ಮುಖ ನೋಡಿದ. ಸುಳ್ಳು ಸಮಾಧಾನ ಇವಳಿಗೆ ಬೇಡ ಅನ್ನಿಸಿರಬೇಕು. ಬಂಡೆಯ ಮೇಲೆ ಕೂತು ನಿಧಾನವಾಗಿ ಹೇಳಿದ. "ನಮ್ಮ ಕಾಲ ಕೆಳಗೆ, ಬಹಳ ಆಳದಲ್ಲಿ, ಬಂಡೆ ಕೆಂಡಕ್ಕಿಂತ ಬಿಸಿಯಾಗಿದೆ ಅಮ್ಮಾ. ಆದ್ರೂ ಕರಗಲ್ಲ. ಮೇಲಿನ ಭಾರ ಅದನ್ನ ಅದುಮಿ ಗಟ್ಟಿಯಾಗಿಟ್ಟಿದೆ. ಆದ್ರೆ ನಮ್ಮ ಈ ಸೀಮೇಲಿ ಭೂಮಿ ಹಳೇ ಬಟ್ಟೆ ಹಾಗೆ ಸೀಳ್ತಾ ಇದೆ. ಸೀಳಿದ ಕಡೆ ನೆಲ ತೆಳ್ಳಗಾಗುತ್ತೆ, ಅಡಿಯ ಬಂಡೆ ಮೆಲ್ಲಗೆ ಮೇಲೇರುತ್ತೆ. ಏರಿದ ಹಾಗೆಲ್ಲ ತಲೆ ಮೇಲಿನ ಭಾರ ಇಳಿಯುತ್ತೆ, ಬಂಡೆ ಕರಗುತ್ತೆ. ಬೆಂಕಿ ಹೆಚ್ಚಾಗಿ ಕರಗೋದಲ್ಲ, ಭಾರ ಕಡಿಮೆಯಾಗಿ ಕರಗೋದು. ಆ ಪಾಕದೊಳಗೆ ಗಾಳಿ ಅಡಗಿರುತ್ತೆ, ಬಿಯರ್ ಬಾಟಲಿಯೊಳಗೆ ನೊರೆ ಅಡಗಿರೋ ಹಾಗೆ. ಪಾಕ ಮೇಲೆ ಬಂದಷ್ಟೂ ಗಾಳಿ ಬಿಟ್ಟುಕೊಂಡು, ಬಿರುಕಿನಲ್ಲಿ ನುಸುಳಿ ಹೊರಗೆ ಬರುತ್ತೆ."

"ಹಾಗಾದ್ರೆ ನನ್ನ ಮಗಳನ್ನ ಕೊಂದಿದ್ದು ಕಲ್ಲಿನ ಉಸಿರು."

"ಹೌದು." ಆಮೇಲೆ ಅವನು ಸುತ್ತ ಹುಡುಕಿದ. "ಇಲ್ಲೊಂದು ಕೆಂಪು ಹಲಗೆ ನೆಟ್ಟಿದ್ದೆ, ತಲೆಬುರುಡೆ ಬರೆದು. ಎರಡು ವರ್ಷ ಆಯ್ತು. ಜಾಗದ ಯಜಮಾನ ಬಗಾಲ್ವಾನ ಎದುರಿಗೇ ನೆಟ್ಟು, ಬಾಯಲ್ಲೂ ಹೇಳಿದ್ದೆ. ಅವನ ನಾಯಿ ಸತ್ತಿದ್ದೂ ಇಲ್ಲೇ. ಏನಾಯ್ತು ಆ ಹಲಗೆ?"

ನಬಿಂತು ಬಂದ ದಿನವೇ ಅಲ್ಲಿ ಯಾವ ಹಲಗೆಯೂ ಇರಲಿಲ್ಲ. ಸಮಾಧಿಯ ಹತ್ತಿರ ಬಗಾಲ್ವಾ ನೆಲ ನೋಡುತ್ತ ನಿಂತದ್ದು ಅವಳಿಗೆ ಈಗ ಬೇರೆಯಾಗಿ ಕಂಡಿತು.

ಜಾಗ ಬಿಡು ಅಂದ ಕಾಕುಲೆ. ಎಲ್ಲಿಗೆ ಹೋಗಲಿ ಅಂದಳು. ಅವನೇ ನಿಂತು ಗುಡಿಸಲನ್ನು ತಗ್ಗಿನ ಅಂಚಿಗೆ ಸರಿಸಿದ, ಕಲ್ಲು ಪೇರಿಸಿ ಎದೆಮಟ್ಟ ಎತ್ತರದ ಮಂಚ ಕಟ್ಟಿಸಿದ. ಹೊರಡುವಾಗ ಬೆರಳೆತ್ತಿ ಹೇಳಿದ, "ಒಂದು ನೆನಪಿಡಿ. ಪರ್ವತ ಒಡೆದ ದಿನ ಈ ಮಂಚಾನೂ ನಂಬಬೇಡಿ. ಒಡೆದ ಮೇಲೆ ನೆಲವೆಲ್ಲ ಬಿರುಕು ಬಿಡುತ್ತೆ, ಗಾಳಿ ಆಳೆತ್ತರಕ್ಕೆ ತುಂಬುತ್ತೆ. ದಿಬ್ಬ ಹತ್ತಿ ಮಲಗಿ."

ಎಂಟು ತಿಂಗಳಿಗೆ ಪರ್ವತ ಒಡೆಯಿತು. ಬಾಯಿಂದಲ್ಲ, ಪಕ್ಕೆಯಿಂದ. ನೆಲ ಉದ್ದಕ್ಕೆ ಸೀಳಿ, ಗಂಜಿಗಿಂತ ತೆಳ್ಳಗಿನ ಕೆಂಪು ಪಾಕ ಓಡುವವನ ವೇಗದಲ್ಲಿ ಇಳಿಯಿತು. ಊರಿನ ನಡುವಿನ ಬೀದಿಗಳು ಒಂದೊಂದಾಗಿ ಹೊತ್ತಿಕೊಂಡವು. ಎಣ್ಣೆ ಪೀಪಾಯಿಗಳು ಸಿಡಿದವು. ತಲೆ ಮೇಲೆ ಹಾಸಿಗೆ, ಕಂಕುಳಲ್ಲಿ ಕೋಳಿ ಇಟ್ಟುಕೊಂಡು ಜನ ಸಾಕೆ ರಸ್ತೆ ತುಂಬ ನಡೆದರು.

ಮರುದಿನ ಮಧ್ಯಾಹ್ನ ಬಗಾಲ್ವಾ ಬಂದ. ಹುಬ್ಬು ಸುಟ್ಟಿತ್ತು, ಬೆನ್ನ ಮೇಲೆ ಮುದಿ ತಾಯಿ. ಚಿರಿಮ್ವಾಮಿ ಕಟ್ಟಿದ ಮನೆಯ ಮೇಲೆ ಎರಡಾಳು ಎತ್ತರದ ಲಾವಾ ನಿಂತಿತ್ತು.

"ಸುಮ್ನೆ ನಿಂತು ನೋಡ್ತೀಯಲ್ಲೇ! ಅತ್ತೆಗೆ ನೀರು ಕೊಡು," ಅಂದ.

ನಬಿಂತು ನೀರು ಕೊಟ್ಟಳು. ಹಿಟ್ಟು ತಿರುವಿ ಬುಗಾಲಿ ಮುದ್ದೆ ಮಾಡಿ ಒಣಮೀನಿನ ಜೊತೆ ಬಡಿಸಿದಳು. ಬಗಾಲ್ವಾ ಬೆರಳು ನೆಕ್ಕಿ, ಎದ್ದು, ಗುಡಿಸಲಿನೊಳಗೆಲ್ಲ ಕಣ್ಣಾಡಿಸಿದ. ಎತ್ತರದ ಮಂಚ ಕಂಡಿತು. ಅವನಿಗೆ ಅದರ ಅರ್ಥ ಕೂಡಲೇ ಗೊತ್ತಾಯಿತು.

"ನಾನು, ಅಮ್ಮ ಮೇಲೆ ಮಲಗ್ತೀವಿ. ನೀನು ಕೆಳಗೆ ಹಾಸ್ಕೋ. ನಿನಗೆ ಈ ಜಾಗ ಒಗ್ಗಿದೆಯಲ್ಲ."

"ಒಗ್ಗಿದೆ ಭಾವ," ಅಂದಳು ನಬಿಂತು.

ಅವನ ಕಣ್ಣಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ. ಕೆಳಗೆ ಮಲಗಿದವಳು ಬೆಳಿಗ್ಗೆ ಏಳುವುದಿಲ್ಲ ಎಂದು ಗೊತ್ತಿದ್ದೂ ಅವನು ಚಾಪೆಯನ್ನು ಕಾಲಿಂದ ಅವಳ ಕಡೆ ಸರಿಸಿದ. ಆ ಕಾಲನ್ನು ನೋಡುತ್ತ ನಬಿಂತುವಿನ ಎದೆಯಲ್ಲಿ ಏನೋ ತಣ್ಣಗಾಯಿತು. ಸಿಟ್ಟಾಗಿದ್ದರೆ ಅವಳು ಕೂಗುತ್ತಿದ್ದಳು, ಕೂಗಿದ್ದರೆ ಗಾಳಿಯ ಮಾತೂ ಬಾಯಿಗೆ ಬರುತ್ತಿತ್ತು. ಅವಳು ಕೂಗಲಿಲ್ಲ.

ಹೊತ್ತು ಇಳಿಯುವಾಗ ಅವನು ಗೊರಕೆ ಹೊಡೆಯುತ್ತಿದ್ದ. ನೆಲ ಅರ್ಧ ಗಂಟೆಗೊಮ್ಮೆ ನಡುಗುತ್ತಿತ್ತು. ನಬಿಂತು ಕಂಬಳಿ ಮಡಚಿಕೊಂಡು ಅತ್ತೆಯ ಹತ್ತಿರ ಹೋದಳು.

"ಅತ್ತೆ, ಇಲ್ಲಿ ಬೇಡ. ಇವತ್ತು ಗಾಳಿ ಮಂಚಕ್ಕೂ ಏರುತ್ತೆ. ನನ್ನ ಜೊತೆ ದಿಬ್ಬಕ್ಕೆ ಬನ್ನಿ, ಹೊತ್ಕೊಂಡು ಹೋಗ್ತೀನಿ."

ಮುದುಕಿ ಕಣ್ಣು ಕಿರಿದು ಮಾಡಿದಳು. "ನಿನ್ನ ಬೆನ್ನಿನ ಮೇಲಾ? ಹೆತ್ತ ಮಗಳನ್ನೇ ನುಂಗಿದ ಬೆನ್ನು ಅದು. ತೊಲಗು."

"ಬರಲ್ವಾ?"

"ನನ್ನ ಮಗನ ಪಕ್ಕ ಇರ್ತೀನಿ. ಮಾಟಗಾತಿ ಜೊತೆ ಯಾರು ಬರ್ತಾರೆ?"

ಎರಡನೇ ಸಲ ಕರೆಯಬಹುದಿತ್ತು. ಮುದುಕಿ ಹಗುರ, ಕೈಕಾಲು ಬಡಿದರೂ ಎತ್ತಿಕೊಂಡು ಹೋಗಬಹುದಿತ್ತು. ಬಗಾಲ್ವಾನನ್ನು ಅಲುಗಿಸಿ ಎಬ್ಬಿಸಬಹುದಿತ್ತು. ನಬಿಂತು ಬಾಗಿಲಲ್ಲಿ ಒಂದು ಗಳಿಗೆ ನಿಂತಳು, ಆಮೇಲೆ ದಿಬ್ಬ ಹತ್ತಿದಳು. ಅಲ್ಲಿ ನೂರಾರು ಜನ ಬಯಲಲ್ಲೇ ಮಲಗಿದ್ದರು. ಅವಳಿಗೆ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಅವಳು ಕೆಳಗಿಳಿಯಲಿಲ್ಲ. ಬಿಸಿಲು ಬಲಿತು ಗಾಳಿ ಎದ್ದ ಮೇಲೆ ಕಾಕುಲೆ ಮೂಗಿಗೆ ಮುಸುಕು ಹಾಕಿ, ಅಳೆಯುವ ಪೆಟ್ಟಿಗೆ ಹಿಡಿದು ಬಂದ. ತಾನೇ ಒಳಗೆ ಹೋಗಿ ಇಬ್ಬರನ್ನೂ ಹೊರಗೆ ತಂದು ಮಲಗಿಸಿದ. ಮುದುಕಿ ನಿದ್ದೆಯಲ್ಲಿ ಹೋದಂತಿದ್ದಳು. ಬಗಾಲ್ವಾ ಮಾತ್ರ ಎಚ್ಚರವಾಗಿರಬೇಕು. ಮಂಚದಿಂದ ಇಳಿಯಲು ನೋಡಿ, ನೆಲಕ್ಕೆ ಕಾಲಿಟ್ಟು, ಅಲ್ಲೇ ಕುಸಿದಿದ್ದ.

"ಇವರಿಗೆ ಹೇಳಿದ್ರಾ?" ಕೇಳಿದ ಕಾಕುಲೆ.

"ಅತ್ತೆಗೆ ಹೇಳಿದೆ. ಒಂದು ಸಲ."

"ಇವನಿಗೆ?"

ನಬಿಂತು ಅತ್ತೆಯ ಮುಖದ ಮೇಲೆ ಕಂಬಳಿ ಎಳೆದಳು. ಕಾಕುಲೆ ಅವಳನ್ನು ನೋಡಿದ. ಆಮೇಲೆ ಪುಸ್ತಕ ತೆಗೆದು, ಮಜುಕು, ಇಬ್ಬರು, ಎಂದು ಬರೆದುಕೊಂಡ. ಆ ವಾರ ಅವನ ಪುಸ್ತಕದಲ್ಲಿ ಸತ್ತವರು ಬಹಳ ಮಂದಿ ಇದ್ದರು. ಯಾರೂ ಮತ್ತೇನೂ ಕೇಳಲಿಲ್ಲ.

ಸೊಸೆ ಮಾಡಬೇಕಾದ್ದನ್ನು ಅವಳು ಮಾಡಿದಳು. ಕೆರೆನೀರು ತಂದು ಅತ್ತೆಯ ಮೈ ತೊಳೆದಳು, ಎಣ್ಣೆ ಹಚ್ಚಿದಳು, ದವಡೆ ಕಟ್ಟಿದಳು. ಇನ್ನಾದರೂ ಎದೆ ಹಗುರಾಗುತ್ತದೆ, ಅಳು ಬರುತ್ತದೆ ಎಂದು ಕಾದಳು. ಏನೂ ಬರಲಿಲ್ಲ. ಹಸಿವು ಮಾತ್ರ ಆಯಿತು. ಬಗಾಲ್ವಾನ ಮೈಯನ್ನು ಅವಳು ಮುಟ್ಟಲಿಲ್ಲ, ಯಾರೋ ಚೀಲ ಹೊದಿಸಿ ಎತ್ತಿಕೊಂಡು ಹೋದರು.

ನಾಲ್ಕನೇ ದಿನ ಇನ್ನೂ ಬಿಸಿಯಾಗಿದ್ದ ಕಲ್ಲಿನ ಮೇಲೆಯೇ ಸಂತೆ ಕೂಡಿತು. ಚಪ್ಪಲಿಯ ಅಡಿ ಮೆತ್ತಗಾಗಿ ಅಂಟುತ್ತಿತ್ತು. ನಬಿಂತು ಬುಟ್ಟಿ ಇಳಿಸಿ ಕೆರೆಯ ಸಣ್ಣ ಸಂಬಾಜಾ ಮೀನು ಹರಡಿದಳು. ಪಕ್ಕದಲ್ಲಿ ಟೊಮೇಟೊ ಮಾರುತ್ತಿದ್ದವಳು ಅವಳನ್ನು ಗುರುತಿಸಿ, ತನ್ನ ಮಗುವನ್ನು ಸೆರಗಿನೊಳಗೆ ಎಳೆದುಕೊಂಡು ಆಚೆ ಸರಿದಳು. ನಬಿಂತು ಮೀನಿನ ಮೇಲಿನ ನೊಣ ಓಡಿಸಿದಳು. "ಸಂಬಾಜಾ! ಒಳ್ಳೆ ಸಂಬಾಜಾ!" ಎಂದು ಕೂಗತೊಡಗಿದಳು.