ಪಾಲಿಷ್ ಹೊಡೆದ ಸಾಕ್ಷಿ

ಟೀಚರಮ್ಮನ ಅಣ್ಣನ ಮಗ ಗೋಣಿಚೀಲ ತಂದು ಅಂಗಡಿಯ ಮುಂದೆ ಸುರಿದಾಗ ಬೂಟು ರಿಪೇರಿಯವನು ಆಗ ತಾನೇ ಊಟ ಮುಗಿಸಿ ಡಬ್ಬಿ ಮುಚ್ಚುತ್ತಿದ್ದ. ಮನೆ ಖಾಲಿ ಮಾಡುತ್ತಿದ್ದೇವೆ, ಹಳೆಯ ಚರ್ಮ ಬೇಕಾದರೆ ಇಟ್ಟುಕೊಳ್ಳಿ ಎಂದ. ಟೀಚರಮ್ಮ ಎಲ್ಲಿ ಎಂದು ಕೇಳಿದ್ದಕ್ಕೆ, ಅತ್ತೆ ಮೊನ್ನೆಯೇ ಗೆಳತಿಯ ಊರಿಗೆ ಹೋದರು, ಇನ್ನು ಅಲ್ಲೇ ಇರುತ್ತಾರೆ ಎಂದು ಹೇಳಿ, ಮುಖ ಕೊಟ್ಟು ಮಾತಾಡದೆ ಹೊರಟುಹೋದ.

ಚೀಲದ ತಳದಲ್ಲಿ ಟೀಚರಮ್ಮನ ಕಂದು ಬೂಟುಗಳಿದ್ದವು.

ಟೀಚರಮ್ಮ ಎಂದರೆ ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಚಿಕ್ಕಂದಿನ ಕಾಯಿಲೆಯಿಂದ ಅವರ ಎಡಗಾಲು ಎರಡು ಇಂಚು ಗಿಡ್ಡ. ಆ ಎರಡು ಇಂಚನ್ನು ಹತ್ತೊಂಬತ್ತು ವರ್ಷಗಳಿಂದ ಬೂಟಿನ ತಳಕ್ಕೆ ಪದರದ ಮೇಲೆ ಪದರ ಅಂಟಿಸಿ ತುಂಬಿಕೊಡುತ್ತಿದ್ದವನು ಇವನೇ. ಆ ಬೂಟಿಲ್ಲದೆ ಅವರು ಅಡುಗೆಮನೆಯಿಂದ ಬಾಗಿಲವರೆಗೂ ಬರಲಾರರು. ಇನ್ನೊಂದು ಜೊತೆ ಮಾಡಿಸಿಕೊಳ್ಳಿ ಎಂದರೆ, "ನಂಗಿರೋದು ಎರಡೇ ಕಾಲು, ಡಾಕ್ಟ್ರೇ" ಎನ್ನುತ್ತಿದ್ದರು. ಬೂಟಿನ ಡಾಕ್ಟರು ಎಂದು ಅವನಿಗೆ ಪದವಿ ಕೊಟ್ಟಿದ್ದವರೂ ಅವರೇ. ಮೂರು ತಿಂಗಳಿಗೊಮ್ಮೆ ಬಂದು, ಬೂಟು ಬಿಚ್ಚಿಕೊಟ್ಟು, ಬರಿಗಾಲಲ್ಲಿ ಸ್ಟೂಲಿನ ಮೇಲೆ ಒಂದು ಗಂಟೆ ಕೂರುತ್ತಿದ್ದರು. ಅವನು ತಳ ಬದಲಿಸುವಷ್ಟು ಹೊತ್ತು ತಾವು ಕಾಣದ ನದಿಗಳ ಬಗ್ಗೆ ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ವರ್ಷಕ್ಕೆ ಆ ನಾಲ್ಕು ಗಂಟೆ ಬಿಟ್ಟರೆ ಅವನ ಜೊತೆ ಹಿಮ್ಮಡಿ, ಹೊಲಿಗೆ ಬಿಟ್ಟು ಬೇರೆ ಮಾತಾಡುವವರು ಯಾರೂ ಇರಲಿಲ್ಲ. ಅವನಿಗೆ ಮದುವೆಯಾಗಿರಲಿಲ್ಲ. ಅದನ್ನು ಕೇಳುವವರೂ ಈಗೀಗ ಕೇಳುವುದನ್ನು ಬಿಟ್ಟಿದ್ದರು.

ಬುದ್ಧಿಯಿರುವವನಾದರೆ ಬೂಟು ಕಂಡ ತಕ್ಷಣ ಎದ್ದು ಪೊಲೀಸರ ಬಳಿ ಓಡಬೇಕಿತ್ತು. ನಮ್ಮ ಡಾಕ್ಟರು ಏನು ಮಾಡಿದ ಗೊತ್ತೇ? ರಿಪೇರಿಗೆ ಕೂತ. ಬೂಟುಗಳ ಎರಡೂ ಮೂತಿ ರಸ್ತೆಗೆ ಉಜ್ಜಿದ ಹಾಗೆ ತರಚಿಹೋಗಿದ್ದವು, ಎಡಗಾಲಿನ ಪಟ್ಟಿ ಹೊಲಿಗೆ ಸಮೇತ ಕಿತ್ತುಬಂದಿತ್ತು. ಅಂಗಡಿಗೆ ಬಂದ ಬೂಟು ಹರಿದದ್ದು ಹರಿದ ಹಾಗೆ ರಾತ್ರಿ ಕಳೆಯಬಾರದು ಎಂಬುದು ಅವನ ಕಟ್ಟಳೆ. ಅದೂ ಅಲ್ಲದೆ, ತಲೆಯಲ್ಲಿ ಏನಾದರೂ ಕೊರೆಯತೊಡಗಿದರೆ ಅವನ ಕೈ ತಾನಾಗಿ ಕೆಲಸಕ್ಕಿಳಿಯುತ್ತಿತ್ತು. ಸಂಜೆಯ ಹೊತ್ತಿಗೆ ಪಟ್ಟಿ ಹೊಲಿದು, ತರಚು ತೀಡಿ, ಬಣ್ಣ ಹಚ್ಚಿ, ಮುಖ ಕಾಣುವ ಹಾಗೆ ಪಾಲಿಷ್ ಹೊಡೆದು ಬೂಟನ್ನು ಗೂಡಿನಲ್ಲಿಟ್ಟ. ಆಗ ಹೊಳೆಯಿತು. ನಡೆಯುವವರ ಬೂಟು ಹಿಮ್ಮಡಿಯಲ್ಲಿ ಸವೆಯುತ್ತದೆ. ಎರಡೂ ಮೂತಿ ಒಟ್ಟಿಗೆ ತರಚುವುದು ಯಾರನ್ನಾದರೂ ಕಂಕುಳಿಗೆ ಕೈಹಾಕಿ ಮುಂದಕ್ಕೆ ಎಳೆದೊಯ್ದಾಗ ಮಾತ್ರ. ಅವನು ನಾಲಗೆ ಕಚ್ಚಿಕೊಂಡ. ಆದರೆ ಪಾಲಿಷನ್ನು ಹಿಂದಕ್ಕೆ ಒರೆಸುವುದು ಹೇಗೆ?

ಮರುದಿನ ಬೆಳಗ್ಗೆ ಬೂಟುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋದ. ದೂರು ಬರೆದುಕೊಳ್ಳುವ ರೈಟರು ಎಲ್ಲ ಕೇಳಿ, ಬೂಟನ್ನು ಮೇಲೆ ಕೆಳಗೆ ಮಾಡಿ ನೋಡಿದ.

"ಎಳೆದ ಗುರುತು ಎಲ್ಲಿದೆ, ತೋರ್ಸಿ."

"ಇತ್ತು ಸಾರ್. ನಾನೇ ಸರಿ ಮಾಡ್ಬಿಟ್ಟೆ."

ರೈಟರು ಪಕ್ಕದ ಮೇಜಿನವರನ್ನು ಕರೆದು, "ಸಾಕ್ಷಿಗೇ ಪಾಲಿಷ್ ಹೊಡ್ಕೊಂಡು ಬಂದಿದ್ದಾರೆ ನೋಡ್ರಪ್ಪ" ಎಂದ. ನಾಲ್ಕು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಣ್ಣನ ಮಗನಿಗೇ ಫೋನ್ ಮಾಡಿದರು. ಗೆಳತಿಯ ಮನೆಯಲ್ಲಿ ಸುಖವಾಗಿದ್ದಾರೆ ಎಂದು ಅವನು ಹೇಳಿದ. ಕಳ್ಳನನ್ನೇ ಕೇಳಿ ಕಳ್ಳತನ ಆಗಿಲ್ಲ ಎಂದು ಬರೆದುಕೊಂಡ ಹಾಗಾಯಿತು. ಮನೆಯವರೇ ಸುಮ್ಮನಿರುವಾಗ ನಿಮಗೇನು ಎಂದು ರೈಟರು ಕೇಳಿದ್ದಕ್ಕೆ ಇವನು ಬೂಟುಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಬಂದ.

ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಹೋದ. ಒಮ್ಮೆ ಸಾಹೇಬರು ಮೀಟಿಂಗಿನಲ್ಲಿದ್ದರು, ಒಮ್ಮೆ ಬಂದೋಬಸ್ತಿಗೆ ಹೋಗಿದ್ದರು, ಒಮ್ಮೆ ಎದುರಿಗೇ ಇದ್ದೂ ಇರಲಿಲ್ಲ. ಇಂದು ಬಾ, ನಾಳೆ ಬಾ ಎಂದು ಸಾಗಹಾಕಿದರು. ಏಳನೇ ಸಲ ಇನ್ಸ್‌ಪೆಕ್ಟರು ಒಳಗೆ ಕರೆದಾಗ ಅವನ ಎದೆ ಹಿಗ್ಗಿತು. ಹೇಗೂ ಬಂದಿದ್ದೀರಲ್ಲ, ಇದೊಂದು ಹಿಮ್ಮಡಿ ನೋಡಿ ಎಂದು ಅವರು ತಮ್ಮ ಬೂಟು ಬಿಚ್ಚಿ ಮುಂದಿಟ್ಟರು. ಸಿಟ್ಟಿನಿಂದ ಮೈ ಉರಿಯಿತು. ಆದರೂ ಹಿಮ್ಮಡಿ ನಿಜಕ್ಕೂ ಕೆಟ್ಟಿತ್ತು. ಹಾಳು ಕೈ ಒಲ್ಲೆ ಎನ್ನಲಿಲ್ಲ.

ಊರ ಉಸಾಬರಿ ನಿನಗ್ಯಾಕೆ ಎಂದು ಬೇರೆ ಊರಿನಲ್ಲಿದ್ದ ಅವನ ಸ್ವಂತ ಅಣ್ಣ ಫೋನಿನಲ್ಲಿ ಬೈದ. ಬೇರೆ ಯಾರಿಗೆ ಹೇಳುವುದು? ದೂರನ್ನು ಮೊದಲಿಂದ ಕೊನೆಯವರೆಗೆ ಹೊಲಿಗೆ ಯಂತ್ರದ ಮುಂದೆ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದ. ಸ್ಟೂಲಿನ ಮೇಲೆ ಗಿರಾಕಿಗಳು ಕೂರದಂತೆ ಚರ್ಮದ ಸುರುಳಿ ಇಟ್ಟ. ಟೀಚರಮ್ಮ ಬರಬೇಕಾದ ತಿಂಗಳು ಬಂತು, ಹೋಯಿತು. ಆ ತಿಂಗಳ ಕೊನೆಯ ದಿನ ಬೆಳಗಿನಿಂದ ಬಾಯಿಂದ ಒಂದು ಮಾತೂ ಹೊರಬಿದ್ದಿಲ್ಲ ಎಂದು ಅವನಿಗೆ ಗೊತ್ತಾಗಿದ್ದು ಬಾಗಿಲು ಹಾಕುವಾಗ. ಅವನಿಗೆ ಅಳು ಬಂತು, ಅತ್ತ.

ನಾಲ್ಕನೇ ತಿಂಗಳು ಸ್ಟೇಷನ್ನಿಗೆ ಹೊಸ ಮಹಿಳಾ ಪೇದೆ ಬಂದಿದ್ದಳು. ಅವನ ಮಾತು ಪೂರ್ತಿ ಕೇಳಿಸಿಕೊಂಡು, ವೃದ್ಧಾಶ್ರಮಗಳಲ್ಲಿ ಯಾರಾದರೂ ವಿಚಾರಿಸಿದ್ದಾರಾ ಎಂದಳು. ಅದು ಅವನಿಗೂ ಹೊಳೆದಿರಲಿಲ್ಲ, ಹೊಳೆಯಬೇಕಾದವರು ಹೊಳೆಸಿಕೊಂಡಿರಲಿಲ್ಲ. ಅವಳು ಫೋನ್ ಎತ್ತಿದಳು. ಮೊದಲ ಮೂರು ಕಡೆ ಇಲ್ಲ ಎಂದರು. ನಾಲ್ಕನೆಯ ಕಡೆ, ಇದ್ದಾರೆ, ಬೂಟಿಲ್ಲ ಎಂದು ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದರು. ಗೋಡೆ ಗಡಿಯಾರ ನೋಡಿದ. ಐದು ನಿಮಿಷ ಆಗಿತ್ತು, ಅಷ್ಟೇ.

ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಉದ್ದನೆಯ ಕೋಣೆಯ ಕಿಟಕಿ ಪಕ್ಕದ ಮಂಚದಲ್ಲಿ ಟೀಚರಮ್ಮ ಒರಗಿ ಕೂತಿದ್ದರು. ಮನೆ ಮಾರುವ ಕಾಗದಕ್ಕೆ ಸಹಿ ಹಾಕಲ್ಲ ಎಂದಿದ್ದರಂತೆ. ಅಣ್ಣನ ಮಗನೂ ಇನ್ನೊಬ್ಬನೂ ಎತ್ತಿ, ಎಳೆದು ಕಾರಿಗೆ ಹಾಕಿದರಂತೆ. ಓಡಿಹೋಗಬಾರದೆಂದು ಬೂಟು ಕಿತ್ತುಕೊಂಡರಂತೆ. ಇಷ್ಟನ್ನೂ ಅವರು ನದಿಗಳ ಬಗ್ಗೆ ಹೇಳುವ ದನಿಯಲ್ಲೇ ಹೇಳಿದರು.

ಅವನು ಕೆಳಗೆ ಕೂತು ಎಡಗಾಲು ಕೈಗೆ ತೆಗೆದುಕೊಂಡ. ಹತ್ತೊಂಬತ್ತು ವರ್ಷ ಅಳೆದ ಕಾಲು. ಮೀನಖಂಡ ಪೂರಾ ಕರಗಿತ್ತು. ಬೂಟು ಹಾಕಿದರೆ ಒಳಗೆ ಪಾದ ಅಲ್ಲಾಡುತ್ತಿತ್ತು. ಈ ಕಾಲು ಇನ್ನು ನಿಲ್ಲುವುದಿಲ್ಲ ಎಂದು ಹೇಳಲು ಬೇರೆ ಡಾಕ್ಟರು ಬೇಕಿರಲಿಲ್ಲ.

"ಸಡಿಲ ಆಯ್ತಲ್ಲ, ಡಾಕ್ಟ್ರೇ."

"ಅಳತೆ ತಪ್ಪಿದೆ ಟೀಚರಮ್ಮ. ತಪ್ಪು ನಂದೇ." ತನ್ನ ಕೆಲಸದ ಬಗ್ಗೆ ಅವನು ಆಡಿದ ಮೊದಲ ಸುಳ್ಳು ಅದು.

ಅವನು ಬೂಟು ಬಿಚ್ಚುವಾಗ ಅವರು ಕೇಳಿದರು. "ನಾನಿಲ್ಲ ಅಂತ ಯಾರಿಗೂ ಗೊತ್ತೇ ಆಗ್ಲಿಲ್ವಾ?"

"ಮೂರನೇ ದಿನಾನೇ ಗೊತ್ತಾಯ್ತು."

"ಮತ್ತೆ?"

ತರಗತಿಯಲ್ಲಿ ಅರ್ಧ ಉತ್ತರ ಹೇಳಿ ನಿಂತವನನ್ನು ಕೇಳುವ ಹಾಗೆ, ಸಿಟ್ಟಿಲ್ಲದೆ ಕೇಳಿದರು. ಅವನು ಪಾದ ಹಿಡಿದುಕೊಂಡೇ ಕೂತಿದ್ದ. ಅದು ತಣ್ಣಗಿತ್ತು.