ಭಾನುವಾರದ ಮೇವು

ಬರ್ಬಳಿಗೆ ದೇವರ ಭಯಕ್ಕಿಂತ ನೆರೆಹೊರೆಯವರ ಕಿವಿಯ ಭಯ ಹೆಚ್ಚು. ಯಾರೂ ದುಡಿಯಬಾರದ ಭಾನುವಾರ, ಇಗರ್ಜಿಯಲ್ಲಿ ಪೂಜೆಯ ಗಂಟೆ ಹೊಡೆಯುವಾಗ ತನ್ನ ಅಂಗಳದಿಂದ ಮೇವು ಜಜ್ಜುವ ಕೊಡತಿಯ ಸದ್ದು ಕೇಳಿಸಿದರೆ ಊರು ಏನಂದೀತು? ಇಷ್ಟು ದಿನ ಭಾನುವಾರ ಬಂದರೆ ಕುದುರೆಗೆ ಒಣಹುಲ್ಲು ಹಾಕಿ ದಾಟಿಸುತ್ತಿದ್ದರು. ಈ ಸಲ ಹುಲ್ಲೂ ಮುಗಿದಿತ್ತು. ಶನಿವಾರ ಸಂಜೆ ಸೊಸೆ ಅಜೆನೋರ್‌ಗೆ ಅಪ್ಪಣೆಯಾಯಿತು.

"ನಾಳೆಯದನ್ನೂ ಇವತ್ತೇ ಜಜ್ಜಿಟ್ಟುಬಿಡೇ."

"ಜಜ್ಜಿಟ್ರೆ ಬಿಸಿಯೇರತ್ತೆ ಅತ್ತೆ. ನಮ್ಮಪ್ಪ ಒಂದು ರಾತ್ರೀನೂ ಇಡೋಕೆ ಬಿಡ್ತಿರಲಿಲ್ಲ."

"ನಿಮ್ಮಪ್ಪ ಪೂಜೆಗೇ ಹೋಗ್ತಿರಲಿಲ್ಲ, ಅವನಿಗೇನು! ಈ ಚಳೀಲಿ ಬಿಸಿಯಂತೆ ಬಿಸಿ."

ಅಜೆನೋರ್‌ಳ ಗಂಡ ಹಡಗಿನ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಉಳಿದದ್ದು ಇಬ್ಬರು ಹೆಂಗಸರು ಮತ್ತು ರೂಜಿಗ್ ಎಂಬ ಕೆಂಪು ಕುದುರೆ. ಅದೂ ಗಬ್ಬದ ಕುದುರೆ. ಉಳುವುದು, ಎಳೆಯುವುದು ಎಲ್ಲ ಅದೇ. ಅದಿಲ್ಲದಿದ್ದರೆ ಆ ಮನೆಗೆ ಕೈಕಾಲೇ ಇಲ್ಲ.

ಬ್ರಿಟನಿಯ ಅರೇ ಗುಡ್ಡಗಳ ಮೇಲೆ ಚಳಿಗಾಲದಲ್ಲಿ ಹಸುರಾಗಿ ಉಳಿಯುವ ಮೇವೆಂದರೆ ಲಾನ್ ಎಂಬ, ಮೈಯೆಲ್ಲ ಮುಳ್ಳಿನ ಪೊದೆ. ತಾನಾಗಿ ಬೆಳೆದದ್ದು ಸೌದೆಗೆ ಸರಿ, ಕುದುರೆಗೆ ಬಿತ್ತಿ ಬೆಳೆದ ಎಳೆಯದೇ ಬೇಕು. ಕಲ್ಲು ತುಂಬಿದ ಇಳಿಜಾರಿನಲ್ಲಿ ಅಜೆನೋರ್ ವಸಂತದಲ್ಲಿ ಓಟ್ಸ್ ಜೊತೆಗೇ ಅದರ ಬೀಜ ಚೆಲ್ಲಿದ್ದಳು. ಪೈರಿನ ನೆರಳಲ್ಲಿ ಸಸಿಗಳು ಎದ್ದವು. ಪೈರು ಕೊಯ್ದ ಮೇಲೆ ದನ ನುಗ್ಗದಂತೆ ಬೇಲಿ ಕಟ್ಟಿದಳು, ಮೊದಲ ಚಳಿಗಾಲ ಕುಡುಗೋಲು ಮುಟ್ಟಿಸಲಿಲ್ಲ. ಗೊಬ್ಬರವನ್ನೂ ಕೇಳದ ಗಿಡ ಅದು, ಕಾಯುವುದೊಂದೇ ಕಷ್ಟ. ಈ ಚಳಿಗಾಲ ಚಿಗುರು ಕೊಯ್ದು, ಕಲ್ಲಿನ ದೋಣಿಯಲ್ಲಿ ಹಾಕಿ, ಕೆನ್ನೆಗೆ ಒತ್ತಿದರೂ ಚುಚ್ಚದಷ್ಟು ಮೆತ್ತಗೆ ಜಜ್ಜಿ ಕೊಟ್ಟಾಗ ರೂಜಿಗ್ ತಿನ್ನುವುದನ್ನು ನೋಡಿಯೇ ಅವಳ ಹೊಟ್ಟೆ ತುಂಬುತ್ತಿತ್ತು.

ಶನಿವಾರ ಎರಡು ದಿನದ್ದನ್ನೂ ಜಜ್ಜಿ ಗೋಣಿ ಮುಚ್ಚಿದಳು. ಬೆಳಿಗ್ಗೆ ಗೋಣಿ ಎತ್ತಿ ಒಳಗೆ ಕೈ ಹಾಕಿದರೆ ಬೆಚ್ಚಗಿತ್ತು.

"ಅತ್ತೆ, ಹುಳಿ ವಾಸನೆ ಬರ್ತಿದೆ."

"ನಾವು ಕುಡಿಯೋ ಸೇಬಿನ ಮದ್ಯಾನೂ ಹುಳೀನೇ. ಯಾರು ಸತ್ತಿದಾರೆ? ಗಂಟೆ ಹೊಡೀತಿದೆ, ನಡಿ ನಡಿ."

ಅಜೆನೋರ್ ಇನ್ನೊಂದು ಮಾತು ಆಡಬಹುದಿತ್ತು. ರೂಜಿಗ್ ಮುಂದೆ ಮೇವು ಸುರಿದು ಪೂಜೆಗೆ ಹೋದಳು.

ಬಂದು ನೋಡಿದರೆ ಕುದುರೆ ಬೆವರಿನಲ್ಲಿ ತೊಯ್ದು, ಹಿಂಗಾಲಿನಿಂದ ತನ್ನ ಹೊಟ್ಟೆಗೆ ತಾನೇ ಒದ್ದುಕೊಳ್ಳುತ್ತಿತ್ತು. ಕುದುರೆಗಳ ನಡುವೆಯೇ ಮುದುಕನಾದ ಪಕ್ಕದ ಮನೆಯ ಗುಲ್ವೆನ್ ಓಡಿ ಬಂದ. ಉಬ್ಬಿದ ಹೊಟ್ಟೆಯನ್ನು ತಟ್ಟಿ ನೋಡಿ ಮುಖ ಸಣ್ಣ ಮಾಡಿಕೊಂಡ.

"ನಡೆಸ್ತಾ ಇರು ಮಗಳೇ. ಮಲಗೋಕೆ ಮಾತ್ರ ಬಿಡಬೇಡ."

ಪಶುವೈದ್ಯರಿಗೆ ಹೇಳಿಕಳಿಸಿದ್ದಾಯಿತು. ಅವರು ಬೇರೆ ಊರಿಗೆ ಹೋಗಿದ್ದಾರೆಂದು ಸುದ್ದಿ ಬಂತು. ಬೆಚ್ಚಗಿನ ಎಣ್ಣೆ ಕುಡಿಸಿದರು, ಹೊಟ್ಟೆ ತಿಕ್ಕಿದರು. ಅಂಗಳದಲ್ಲಿ ಸುತ್ತು ಹಾಕಿ ಹಾಕಿ ಅಜೆನೋರ್‌ಳ ಕಾಲು ಸೋತವು. ಬರ್ಬ ಬಾಗಿಲಲ್ಲಿ ಜಪಮಣಿ ಹಿಡಿದು ನಿಂತೇ ಇದ್ದಳು. ಸಂಜೆಗೆ ರೂಜಿಗ್ ಮಂಡಿ ಮಡಚಿತು.

"ಏಳು, ಏಳೇ ನಮ್ಮವ್ವ!" ಅಜೆನೋರ್ ಹಗ್ಗ ಜಗ್ಗಿದಳು.

ಗುಲ್ವೆನ್ ಅವಳ ಕೈಯಿಂದ ಹಗ್ಗ ಬಿಡಿಸಿದ. "ಸಾಕು ಮಗಳೇ. ಅದಕ್ಕೆ ಹಿಂಸೆ."

"ಮತ್ತೆ ನಾನೇನು ಮಾಡ್ಲಿ?"

"ಏನೂ ಇಲ್ಲ. ಹತ್ರ ಕೂತ್ಕೋ."

ಅವಳು ಕೂತಳು. ಹಗಲೆಲ್ಲ ತಡೆದಿದ್ದ ಅಳು ಒತ್ತರಿಸಿ ಬಂತು. ಬರ್ಬ ಬಂದು ಪಕ್ಕದಲ್ಲಿ ಕುಸಿದಳು.

"ನಾನೇ ಹೇಳಿದ್ದು ಕಣೇ. ಬೈಯೇ ನನ್ನ. ಏನಾದ್ರೂ ಅನ್ನೇ."

ಅಜೆನೋರ್ ಕುದುರೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಮೇವು ಸುರಿದ ಕೈ ತನ್ನದು. ಕತ್ತಲಾಗುವ ಹೊತ್ತಿಗೆ ರೂಜಿಗ್ ಉದ್ದಕ್ಕೆ ಒಂದು ಉಸಿರು ಬಿಟ್ಟಿತು. ಮತ್ತೆ ಎಳೆದುಕೊಳ್ಳಲಿಲ್ಲ.

ಹೊಟ್ಟೆಯ ಮೇಲಿಟ್ಟ ಅಜೆನೋರ್‌ಳ ಅಂಗೈಗೆ ಒಳಗಿನಿಂದ ಒದೆ ಬಿತ್ತು.

"ಗುಲ್ವೆನಜ್ಜಾ, ಮರಿ! ಮರಿ ಬದುಕಿದೆ!"

"ತಿಂಗಳು ತುಂಬಿಲ್ಲ ತಾಯಿ," ಎಂದು ಅವನು ಮುಖ ತಿರುಗಿಸಿಕೊಂಡ. "ಹೊರಗೆ ತೆಗೆದ್ರೂ ಉಳಿಯಲ್ಲ."

ಮತ್ತೊಂದು ಒದೆ. ಆಮೇಲೆ ಇನ್ನೊಂದು, ಮೊದಲಿನಷ್ಟು ಜೋರಿಲ್ಲ. ಕೈ ತೆಗೆದುಬಿಡಬೇಕೆನಿಸಿತು ಅಜೆನೋರ್‌ಗೆ. ತೆಗೆದರೆ ಅದು ಒಳಗೆ ಒಂಟಿಯಾಗುತ್ತದೆ ಎಂದು ಹಾಗೇ ಇಟ್ಟುಕೊಂಡಳು, ಅದು ನಿಲ್ಲುವವರೆಗೂ.